ಕತ್ತು ಬಗ್ಗಿಸಿದರೆ ಡ್ರೆಸ್ಸೇಜ್ ಆಗದು

ಮಾನ್ಯ ಸಂಪಾದಕರಿಗೆ,

2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಡ್ರೆಸ್ಸೇಜ್ (ಸವಾರನ ಸೂಕ್ಷ್ಮ ಸನ್ನೆಗೆ ಕುದುರೆ ಲಯಬದ್ಧವಾಗಿ ಹೆಜ್ಜೆಯಿಡುವ ಸವಾರಿ) ತಂಡ ಸ್ಪರ್ಧೆಯಲ್ಲಿ ಭಾರತಕ್ಕೆ ಚಿನ್ನ ಬಂತು. 1982ರ ದೆಹಲಿ ಕೂಟದ ನಂತರ ಕುದುರೆ ಸವಾರಿಯಲ್ಲಿ ನಮಗೆ ಸಿಕ್ಕ ಮೊದಲ ಚಿನ್ನ ಅದು. ಮುಂಬೈ, ಪುಣೆಯ ಕನ್ನಡದ ಮನೆಗಳ ಮಕ್ಕಳೂ ಈಗ ಭಾನುವಾರ ಬೆಳಿಗ್ಗೆ ಹೆಲ್ಮೆಟ್ ಹಿಡಿದು ಸವಾರಿ ಶಾಲೆಗೆ ಹೊರಡುವುದನ್ನು ನೋಡಿದರೆ ಸಂತೋಷವಾಗುತ್ತದೆ. ಆದರೆ ಬೇಲಿಯಾಚೆ ನಿಂತ ತಂದೆತಾಯಿ ಮಾತ್ರವಲ್ಲ, ಒಳಗಿರುವ ಕೆಲವು ತರಬೇತುದಾರರೂ ಕುದುರೆಯ ಕತ್ತು ಬಿಲ್ಲಿನಂತೆ ಬಾಗಿ ಗದ್ದ ಎದೆಗೆ ಹತ್ತಿದರೆ ಡ್ರೆಸ್ಸೇಜ್ ಬಂತು ಎಂದುಕೊಳ್ಳುತ್ತಾರೆ. ಆ ಬಾಗು ಬೇಗ ಬರಲೆಂದು ನಾಲ್ಕು ವರ್ಷದ ಕುದುರೆಗೆ ಡ್ರಾ ರೇನ್ ಎಂಬ, ತಲೆಯನ್ನು ಕೆಳಗೆಳೆಯುವ ಲಗಾಮು ಕಟ್ಟುತ್ತಾರೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದಂತಾಯಿತು ಇದು.

ಕುದುರೆಗೆ ನಮ್ಮಂತೆ ಹೆಗಲಿನ ಕಾಲರ್ ಎಲುಬು ಇಲ್ಲ. ಎದೆಗೂಡು ಎರಡು ಮುಂಗಾಲುಗಳ ನಡುವೆ ಬರೀ ಸ್ನಾಯುಗಳ ಜೋಲಿಯಲ್ಲಿ ತೂಗುತ್ತಿರುತ್ತದೆ. ನಿಂತ ಕುದುರೆಯ ಮೈತೂಕದಲ್ಲಿ ಸುಮಾರು ಶೇ 60 ಮುಂಗಾಲುಗಳ ಮೇಲಿರುತ್ತದೆ. ಸವಾರ ಕೂತರೆ ಆ ಹೊರೆ ಇನ್ನೂ ಏರುತ್ತದೆ. ಹಿಂಗಾಲನ್ನು ಹೊಟ್ಟೆಯಡಿಗೆ ತಂದು, ಆ ಭಾರವನ್ನು ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಹಿಂದಕ್ಕೆ ಸಾಗಿಸುವುದೇ ಡ್ರೆಸ್ಸೇಜಿನ ಕೆಲಸ. ಬೆನ್ನು ಸಡಿಲವಾಗಿ ತೂಗಿದರೆ ಮಾತ್ರ ಹಿಂಗಾಲು ಮುಂದೆ ಬರುತ್ತದೆ. ಕತ್ತು ಬಾಗುವುದು ಇದೆಲ್ಲ ಆದ ಮೇಲೆ ತಾನಾಗಿ ಬರುವಂಥದ್ದು. ಡ್ರಾ ರೇನ್ ಜೀನಿನ ಪಟ್ಟಿಯಿಂದ ಹೊರಟು, ಕಡಿವಾಣದ ಬಳೆಯೊಳಗೆ ನುಸುಳಿ ಸವಾರನ ಕೈಗೆ ಬರುತ್ತದೆ. ಕೈಯ ಎಳೆತವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡುತ್ತದೆ. ಕುದುರೆ ಆಗ ಕಿವಿಗಳ ಹಿಂದೆ, ನೆತ್ತಿಯಲ್ಲಿ ಬಾಗದೆ, ಕತ್ತಿನ ಮೂರನೆಯ ಮಣಿಯ ಹತ್ತಿರ ಮುರಿದಂತೆ ಬಾಗುತ್ತದೆ. ಬೆನ್ನು ಕುಸಿಯುತ್ತದೆ, ಹಿಂಗಾಲು ಹಿಂದೆಯೇ ಎಳೆದಾಡುತ್ತದೆ. ಅಂತರರಾಷ್ಟ್ರೀಯ ಡ್ರೆಸ್ಸೇಜ್ ಕೂಟಗಳಲ್ಲಿ ಅಭ್ಯಾಸದ ಮೈದಾನದಲ್ಲೂ ಇದಕ್ಕೆ ನಿಷೇಧವಿದೆ.

ನಮ್ಮಲ್ಲಿ ಇನ್ನೊಂದು ಸಂಗತಿಯನ್ನು ಮರೆಯುವಂತಿಲ್ಲ. ಸವಾರಿ ಶಾಲೆಗೆ ಬರುವ ಎಳೆಯ ಕುದುರೆಗಳಲ್ಲಿ ಹಲವು, ಮಳೆಗಾಲದಲ್ಲಿ ಪುಣೆಯಲ್ಲೂ ಚಳಿಗಾಲದಲ್ಲಿ ಮುಂಬೈಯ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲೂ ಓಡಿ ರೇಸ್ ಬಿಟ್ಟ ಥರೋಬ್ರೆಡ್‌ಗಳು. ಅವನ್ನು ತಲೆಕೆಟ್ಟ ಕುದುರೆ ಎನ್ನುವುದು ದೊಡ್ಡ ಅನ್ಯಾಯ. ಅವು ಕಲಿತ ಪಾಠವೇ ಬೇರೆ. ಲಗಾಮು ಬಿಗಿಯಾದರೆ ಅದಕ್ಕೆ ಒರಗಿ ಇನ್ನಷ್ಟು ಓಡುವುದು ಅಲ್ಲಿನ ರೂಢಿ. ಜಾಕಿ ಮೊಣಕಾಲು ಮಡಚಿ ಮೇಲೆ ಕೂರುವುದರಿಂದ ಪಕ್ಕೆಗೆ ತಾಗುವ ಕಾಲಿನ ಸನ್ನೆ ಅವಕ್ಕೆ ಗೊತ್ತಿಲ್ಲ. ನಡೆಯುತ್ತಿರುವಾಗಲೇ ಜಾಕಿಯನ್ನು ಎತ್ತಿ ಕೂರಿಸುವುದರಿಂದ, ಹತ್ತುವಾಗ ಸುಮ್ಮನೆ ನಿಲ್ಲಬೇಕು ಎಂಬುದೂ ಗೊತ್ತಿಲ್ಲ. ಅಂಥ ಕುದುರೆಗೆ ಮೊದಲ ಆರೆಂಟು ವಾರ ಸವಾರಿಯೇ ಬೇಡ. ದವಡೆಹಲ್ಲಿನ ಮುಂದಿರುವ ಪುಟ್ಟ ತೋಳಹಲ್ಲು ಕಡಿವಾಣಕ್ಕೆ ತಾಗಿ ನೋಯಿಸುತ್ತಿದೆಯೇ, ಬೆನ್ನು ಒತ್ತಿದರೆ ಕುಸಿಯುತ್ತದೆಯೇ ಎಂದು ಪಶುವೈದ್ಯರಿಂದ ನೋಡಿಸಬೇಕು. ಬೆನ್ನುಮೂಳೆಯ ಬೆಳೆಯುವ ತುದಿಗಳು ಪೂರ್ತಿ ಗಟ್ಟಿಯಾಗಲು ಐದೂವರೆಯಿಂದ ಆರು ವರ್ಷ ಬೇಕು ಎಂಬುದೂ ನೆನಪಿರಲಿ.

ಕುದುರೆ ಬಿಗಿಯಾಗಿದೆ ಎಂದು ದೂರುವವರು ಮೊದಲು ಲಾಯಕ್ಕೆ ಹೋಗಿ ನೋಡಬೇಕು. ನಗರದ ಲಾಯಗಳಲ್ಲಿ ಬಯಲಿಲ್ಲ. ಎಷ್ಟೋ ಕುದುರೆಗಳು ದಿನದ 22, 23 ಗಂಟೆ ಹನ್ನೆರಡು ಅಡಿಯ ಕೋಣೆಯಲ್ಲೇ ನಿಂತಿರುತ್ತವೆ. ಜೊತೆಗೆ ಓಟ್ಸ್, ಬಾರ್ಲಿ, ಕಡಲೆ ಧಾರಾಳವಾಗಿ ಸುರಿಯುತ್ತಾರೆ, ಹುಲ್ಲು ಮಾತ್ರ ಎರಡು ಹಿಡಿ. ಇದು ತಿರುಗುಮುರುಗಾಗಬೇಕು. 450 ಕಿಲೋ ಕುದುರೆಗೆ ದಿನಕ್ಕೆ 7ರಿಂದ 9 ಕಿಲೋ ಒಣಹುಲ್ಲು ಬೇಕು, ಅದನ್ನು ಮೂರು ನಾಲ್ಕು ಸಲ ಹಂಚಿ ಹಾಕಬೇಕು. ಕಾಳು, ಕುದುರೆ ಮಾಡುವ ಕೆಲಸಕ್ಕೆ ತಕ್ಕಷ್ಟೇ ಸಾಕು. ಹೊಟ್ಟೆ ಗಂಟೆಗಟ್ಟಲೆ ಖಾಲಿ ಇದ್ದರೆ ಹುಣ್ಣಾಗುತ್ತದೆ. ಹೊಟ್ಟೆ ನೋಯುವ ಕುದುರೆ ಜೀನಿನ ಪಟ್ಟಿ ಬಿಗಿಯುವಾಗಲೇ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಬರುತ್ತದೆ. ಸಂಜೆ ಅರ್ಧ ಗಂಟೆ ಸೈಸ್ (ಕುದುರೆ ನೋಡಿಕೊಳ್ಳುವವನು) ಕೈಯಲ್ಲಿ ಹಿಡಿದು ಅಡ್ಡಾಡಿಸಿದರೂ ಮರುದಿನದ ಬೆನ್ನಿನಲ್ಲಿ ವ್ಯತ್ಯಾಸ ಕಾಣುತ್ತದೆ.

ಇನ್ನು ಕೆಲಸ. ನಾಲ್ಕು, ಐದು ವರ್ಷದ ಕುದುರೆಗೆ ದಿನಕ್ಕೆ 35ರಿಂದ 40 ನಿಮಿಷ, ವಾರಕ್ಕೆ ನಾಲ್ಕೈದು ದಿನ ಸಾಕು. ಅದರಲ್ಲಿ ಮೊದಲ 10 ನಿಮಿಷ ಲಗಾಮು ಉದ್ದ ಬಿಟ್ಟು ಬರೀ ನಡಿಗೆ. ಲಂಜ್ (ಉದ್ದ ಹಗ್ಗ ಹಿಡಿದು ಕುದುರೆಯನ್ನು ಸುತ್ತ ಓಡಿಸುವುದು) ಮಾಡುವುದಾದರೆ ವೃತ್ತ 15 ಮೀಟರಿಗಿಂತ ಕಿರಿದಾಗಬಾರದು. ಐದೈದು ನಿಮಿಷಕ್ಕೆ ದಿಕ್ಕು ಬದಲಿಸಿ 15 ನಿಮಿಷಕ್ಕೆ ನಿಲ್ಲಿಸಬೇಕು. ಆಮೇಲೆ 20 ಮೀಟರ್ ವೃತ್ತದಲ್ಲಿ, ಸವಾರ ಎದ್ದು ಕೂರುತ್ತ, ಒಂದೇ ಲಯದ ಟ್ರಾಟ್ (ನಡಿಗೆಗಿಂತ ಚುರುಕಾದ, ಎರಡು ತಾಳದ ಓಟ). ಬೆರಳು ಸಡಿಲಿಸಿ ಲಗಾಮು ಮೆಲ್ಲಗೆ ಬಿಟ್ಟರೆ ಕುದುರೆ ಮೂಗನ್ನು ಮುಂದೆ ಚಾಚುತ್ತ, ಬಾಯಿ ಹೆಗಲಿನ ಮಟ್ಟಕ್ಕೆ ಬರುವ ತನಕ ಕತ್ತು ಇಳಿಸಬೇಕು, ಲಯ ಕೆಡಬಾರದು. ಹೀಗೆ ಇಳಿಸಿದರೆ ಬೆನ್ನು ಸಡಿಲವಾಗಿದೆ ಎಂದರ್ಥ. ಮೂಗಿನಿಂದ ಫುರ್ ಎಂದು ಉಸಿರು ಬಿಡುವುದು, ಬಾಲ ಪೆಂಡುಲಮ್ಮಿನಂತೆ ಆಚೀಚೆ ತೂಗುವುದು, ಬಾಯಿ ಮೆಲ್ಲಗೆ ಜಗಿಯುವುದು ಒಳ್ಳೆಯ ಗುರುತು. ಹಲ್ಲು ಕಡಿಯುವುದು, ಒಣಬಾಯಿ, ಬಾಲವನ್ನು ಚಾಟಿಯಂತೆ ಬೀಸುವುದು, ಪುಟಪುಟ ಅವಸರದ ಹೆಜ್ಜೆ ಕಂಡರೆ ಅಲ್ಲಿಗೇ ತಡೆದು ನಡಿಗೆಗೆ ಬರಬೇಕು. ಎಷ್ಟೋ ಸಲ ತಪ್ಪು ಮೂಗುಪಟ್ಟಿಯಲ್ಲಿರುತ್ತದೆ. ಮೂಗಿನೆಲುಬಿನ ಮೇಲೆ ಎರಡು ಬೆರಳು ಸಲೀಸಾಗಿ ತೂರಬೇಕು. ದವಡೆ ಕಟ್ಟಿಹಾಕಿದರೆ ನೆತ್ತಿ ಬಿಗಿಯುತ್ತದೆ, ನೆತ್ತಿಯಿಂದ ಬಿಗಿತ ಬೆನ್ನಿಗೆ ಇಳಿಯುತ್ತದೆ.

ಸನ್ನೆಗೆ ಓಗೊಡುವುದನ್ನು ಕಲಿಸುವಾಗ ಆಗುವ ದೊಡ್ಡ ತಪ್ಪು, ಪ್ರತಿ ಹೆಜ್ಜೆಗೂ ಹಿಮ್ಮಡಿಯಿಂದ ಕುಟ್ಟುತ್ತಲೇ ಇರುವುದು. ಕುದುರೆ ಆ ಕುಟ್ಟಾಟವನ್ನು ಗಾಳಿಯಂತೆ ಮರೆತುಬಿಡುತ್ತದೆ. ಕಾಲಿನ ಮೀನಖಂಡದಿಂದ ಒಮ್ಮೆ ಹಗುರಾಗಿ ಕೇಳಬೇಕು. ಉತ್ತರ ಬರದಿದ್ದರೆ ಒಂದೇ ಒಂದು ಸಲ ಸ್ಪಷ್ಟವಾಗಿ ಹೇಳಬೇಕು. ಕುದುರೆ ಮುಂದಾದ ಆ ಕ್ಷಣವೇ ಕಾಲು ಸುಮ್ಮನಾಗಬೇಕು. ಒತ್ತಡ ತೆಗೆಯುವುದೇ ಅದಕ್ಕೆ ಬಹುಮಾನ, ಎರಡು ಸೆಕೆಂಡು ತಡವಾದರೂ ಅದಕ್ಕೆ ಅರ್ಥವಾಗುವುದಿಲ್ಲ. ನಂತರ ಮತ್ತೆ ಹಗುರಾಗಿ ಕೇಳಿ ನೋಡಬೇಕು. ಕಾಲಿನಿಂದ ತಳ್ಳುತ್ತ ಕೈಯಿಂದ ಎಳೆಯುವುದು ಎಳೆಯ ಕುದುರೆಯ ತಲೆ ಕೆಡಿಸುವ ನೇರ ದಾರಿ. ನಡಿಗೆಯಿಂದ ನಿಲುಗಡೆ, ಮೂರು ಎಣಿಸಿ ಮತ್ತೆ ನಡಿಗೆ. ಟ್ರಾಟಿನಿಂದ ನಾಲ್ಕು ಹೆಜ್ಜೆ ನಡಿಗೆ, ಮತ್ತೆ ಟ್ರಾಟ್. ಒಂದು ವೃತ್ತದಲ್ಲಿ ಇಂಥ ನಾಲ್ಕು ಬದಲಾವಣೆ ಮಾಡಿದರೆ ಹಿಂಗಾಲು ತಾನಾಗಿ ಒಳಗೆ ಬರತೊಡಗುತ್ತದೆ.

ಹಿಂಗಾಲು ಬಂದಿದೆಯೇ ಎಂದು ತಿಳಿಯಲು ಯಾರ ಮಾತನ್ನೂ ನಂಬಬೇಕಿಲ್ಲ, ಮರಳೇ ಹೇಳುತ್ತದೆ. ಮೈದಾನದ ಒಂದು ಪಟ್ಟಿಯನ್ನು ಕುಂಟೆ ಎಳೆದು ಸಮ ಮಾಡಿ, ಅದರ ಮೇಲೆ ಕುದುರೆಯನ್ನು ಲಗಾಮು ಸಡಿಲ ಬಿಟ್ಟು ನಡೆಸಿ. ಮುಂಗಾಲಿನ ಗೊರಸು ದುಂಡಗೆ ಅಗಲ, ಹಿಂಗಾಲಿನದು ಸ್ವಲ್ಪ ಕಿರಿದು, ತುದಿ ಚೂಪು. ಗುರುತು ಹಿಡಿಯುವುದು ಕಷ್ಟವಲ್ಲ. ಹಿಂದಿನ ಗೊರಸು ಅದೇ ಬದಿಯ ಮುಂದಿನ ಗುರುತನ್ನು ದಾಟಿ ಬೀಳಬೇಕು. ಹಿಂದೆಯೇ ಉಳಿದರೆ ಬೆನ್ನು ಬಿಗಿದಿದೆ, ಇಲ್ಲವೇ ಎಲ್ಲೋ ನೋವಿದೆ. ವೃತ್ತದಲ್ಲಿ ಹಿಂಗಾಲಿನ ಗುರುತು ಮುಂಗಾಲಿನ ಸಾಲಿನಿಂದ ಹೊರಗೆ ಸರಿದಿದ್ದರೆ, ಸವಾರ ಒಳಲಗಾಮನ್ನು ವಿಪರೀತ ಎಳೆದಿದ್ದಾನೆ, ಹೊರಗಿನ ಕಾಲು ನಿದ್ದೆ ಮಾಡಿದೆ. ಮುಂದಿನ ಹಂತಕ್ಕೆ, ಗೋಡೆಯಿಂದ 5 ಮೀಟರ್ ಒಳಗಿನ ಗೆರೆಯಿಂದ ಗೋಡೆಯ ಕಡೆಗೆ ಓರೆಯಾಗಿ ನಾಲ್ಕಾರು ಹೆಜ್ಜೆ ಸರಿಸುವುದು. ನೆಲದ ಮೇಲೆ 1.3 ಮೀಟರ್ ಅಂತರದಲ್ಲಿ ನಾಲ್ಕು ಕಂಬ ಇಟ್ಟು ಟ್ರಾಟಿನಲ್ಲಿ ದಾಟಿಸುವುದು. ನಡಿಗೆಗಾದರೆ ಅಂತರ 80ರಿಂದ 90 ಸೆಂಟಿಮೀಟರ್. ಕಂಬಕ್ಕೆ ಗೊರಸು ತಾಗುತ್ತಲೇ ಇದ್ದರೆ ಕುದುರೆಯನ್ನು ಬೈಯದೆ ಅಂತರವನ್ನು ಅಳೆಯಿರಿ.

ಮಳೆಗಾಲದ ಕೆಸರಿನಲ್ಲೂ ಗೊರಸು ಪೂರ್ತಿ ಹೂತುಹೋಗುವ ಆಳದ ಮರಳಿನಲ್ಲೂ ಈ ಕೆಲಸ ಬೇಡ. ಸ್ನಾಯುರಜ್ಜು ಹರಿದರೆ ತಿಂಗಳುಗಟ್ಟಲೆ ರಜೆ. ಮುಂಬೈಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟರೊಳಗೆ ಮುಗಿಸಿ, ಮೈಗೆ ನೀರು ಸುರಿದು ಒರೆಸಿ ತೆಗೆದು ಮತ್ತೆ ಸುರಿಯಬೇಕು. ತಿನಿಸಿನಲ್ಲಿ ದಿನಕ್ಕೆ ಸುಮಾರು 30 ಗ್ರಾಂ ಉಪ್ಪಿರಲಿ.

ಸ್ಪರ್ಧೆ ಏರ್ಪಡಿಸುವವರಲ್ಲಿ ನಮ್ಮ ಕೋರಿಕೆ ಇಷ್ಟೆ: ನಾಲ್ಕು, ಐದು ವರ್ಷದ ಕುದುರೆಗಳಿಗೆ 20 ಗುಣಿಸು 40 ಮೀಟರ್ ಅಂಕಣದಲ್ಲಿ ಪ್ರತ್ಯೇಕ ವಿಭಾಗವಿರಲಿ, ಕತ್ತು ಚಾಚುವ ವೃತ್ತಕ್ಕೆ ಇಮ್ಮಡಿ ಅಂಕವಿರಲಿ, ಅಂಕಣಕ್ಕೆ ಹೋಗುವ ಮುನ್ನ ಪ್ರತಿ ಕುದುರೆಯ ಮೂಗುಪಟ್ಟಿಗೆ ಬೆರಳು ತೂರಿಸಿ ನೋಡಲಿ. ತಂದೆತಾಯಿಯರು ಮಗುವನ್ನು ಶಾಲೆಗೆ ಸೇರಿಸುವ ಮುನ್ನ, ಸವಾರಿ ಮುಗಿದ ಕುದುರೆಯ ಜೀನು ಇಳಿಸುವಾಗ ಹತ್ತಿರ ನಿಲ್ಲಲಿ. ತುಟಿಯ ಮೂಲೆಯಲ್ಲಿ ಗಾಯವಿದೆಯೇ, ಮೂಗುಪಟ್ಟಿಯಡಿ ಕೂದಲು ಉದುರಿದೆಯೇ, ಜೀನಿನಡಿಯ ಬೆವರು ಬೆನ್ನಿನ ಎರಡೂ ಬದಿಗೆ ಒಂದೇ ಸಮನಾಗಿದೆಯೇ ಎಂದು ನೋಡಲಿ. ಬೆವರಿನ ನಡುವೆ ಅಂಗೈಯಷ್ಟು ಜಾಗ ಒಣಗಿ ಉಳಿದಿದ್ದರೆ, ಅಲ್ಲಿ ಜೀನು ಒತ್ತುತ್ತಿರಬಹುದು. ಆ ಕುದುರೆಯ ಮೇಲೆ ಮಗುವನ್ನು ಕೂರಿಸುವ ಮುನ್ನ ಜೀನು ಬದಲಿಸಲು ಹೇಳಿ.

— ಸವಾರಿ ತರಬೇತಿಯಲ್ಲಿರುವ ಕನ್ನಡಿಗರು, ಪುಣೆ