ಚೌಕಾಸಿ ಕಂತಿನ ಮೇಲಲ್ಲ, ಬೆಲೆಯ ಮೇಲಿರಲಿ

ಮಾನ್ಯರೇ,

ಐಷಾರಾಮಿ ಎಸ್‌ಯುವಿ ಕೊಳ್ಳುವವರು ಷೋರೂಮಿನಲ್ಲಿ ಹೆಚ್ಚಾಗಿ ಸೋಲುವುದು ‘ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?’ ಎಂಬ ಪ್ರಶ್ನೆಗೆ ಉತ್ತರ ಕೊಟ್ಟಾಗ. ಶೇ 9ರ ಬಡ್ಡಿಯಲ್ಲಿ 60 ತಿಂಗಳ ಸಾಲಕ್ಕೆ ಒಟ್ಟು ಬಡ್ಡಿ ಅಸಲಿನ ಸುಮಾರು ಶೇ 24.5, ಅವಧಿ 84 ತಿಂಗಳಾದರೆ ಶೇ 35 ದಾಟುತ್ತದೆ. ಕಂತು ಇಳಿಯಿತೆಂದು ಖುಷಿಪಡುವಾಗ ಗಾಡಿ ದುಬಾರಿಯಾಗಿರುತ್ತದೆ!

ಮೊದಲು ಒಂದೇ ಮಾದರಿ, ಒಂದೇ ವೇರಿಯಂಟ್‌ಗೆ ಮೂರು ಡೀಲರ್‌ಗಳಿಂದ ಲಿಖಿತ ಕೊಟೇಶನ್ ಪಡೆಯಿರಿ. ಗಾಡಿಯ ಬೆಲೆ, ತೆರಿಗೆ, ವಿಮೆ, ಬಿಡಿ ಪರಿಕರ (ಆ್ಯಕ್ಸೆಸರಿ), ಡೀಲರ್ ಹಾಕುವ ಹ್ಯಾಂಡ್ಲಿಂಗ್ ಶುಲ್ಕ ಬೇರೆ ಬೇರೆ ಸಾಲಿನಲ್ಲಿರಲಿ. ತೆರಿಗೆಯಲ್ಲಿ ಚೌಕಾಸಿಗೆ ಜಾಗವಿಲ್ಲ, ಉಳಿದ ಬಹುತೇಕದರಲ್ಲಿ ಇದೆ. ನಿಮ್ಮ ಹಳೆಯ ಕಾರನ್ನು ವಿನಿಮಯಕ್ಕೆ ಕೊಡುವ ವಿಷಯ ಹೊಸದರ ಬೆಲೆ ಕುದುರಿದ ಮೇಲೆಯೇ ಎತ್ತಬೇಕು. ಮೊದಲೇ ಹೇಳಿದರೆ ಇಲ್ಲಿ ಕೊಟ್ಟ ರಿಯಾಯಿತಿಯನ್ನು ಅಲ್ಲಿ ಕಿತ್ತುಕೊಳ್ಳುತ್ತಾರೆ.

ದಾಸ್ತಾನಿನಲ್ಲಿ ನಿಂತ ಗಾಡಿಯ ಮೇಲೆ ಡೀಲರ್ ಸಾಮಾನ್ಯವಾಗಿ ಬಡ್ಡಿ ಕಟ್ಟುತ್ತಿರುತ್ತಾನೆ. ಹಾಗಾಗಿ ಹಳೆಯ ದಾಸ್ತಾನಿಗೆ ರಿಯಾಯಿತಿ ಹೆಚ್ಚು; ಮಾರಾಟದ ಗುರಿ ಮುಟ್ಟಬೇಕಾದ ತ್ರೈಮಾಸಿಕದ ಕೊನೆಗೂ ಹಾಗೆಯೇ. ಗಾಡಿ ಎಷ್ಟು ಹಳೆಯದೆಂದು ಅಂದಾಜಿಸಲು ಟೈರಿನ ಬದಿಯ ನಾಲ್ಕಂಕಿ ನೋಡಿ: 2324 ಎಂದರೆ 2024ರ 23ನೇ ವಾರದಲ್ಲಿ ತಯಾರಾದ ಟೈರು. ತಿಂಗಳುಗಟ್ಟಲೆ ನಿಂತಿದ್ದರೆ ಬ್ಯಾಟರಿಯನ್ನೂ ಪರೀಕ್ಷಿಸಿ. ಮುಂಗಡ ಕೊಡುವ ಮುನ್ನ ಅದು ಮರಳಿ ಸಿಗುತ್ತದೆಯೇ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ.

– ಒಬ್ಬ ಓದುಗ