ನಿಂತ ವಿಮಾನಕ್ಕೆ ವಾರದ ಸ್ಟಾರ್ಟ್ ಬೇಡ

ಮಾನ್ಯರೇ,

ಚಳಿಗಾಲಕ್ಕೆ ಹ್ಯಾಂಗರ್ ಸೇರಿದ ಸಣ್ಣ ವಿಮಾನದ ಎಂಜಿನ್ನನ್ನು ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿದರೆ ತುಕ್ಕು ಹಿಡಿಯದು ಎಂಬ ನಂಬಿಕೆ ಅಮೆರಿಕದ ಮಿನ್ನೆಸೋಟಾ, ಕೆನಡಾದ ಮ್ಯಾನಿಟೋಬಾ ಕಡೆಯ ಹವ್ಯಾಸಿ ಪೈಲಟ್‌ಗಳಲ್ಲಿ ಇನ್ನೂ ಉಳಿದಿದೆ. ಆಗುವುದು ಇದರ ತಿರುಗುಮುರುಗು.

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಅಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಆಯಿಲ್‌ಗೆ ಸೇರುತ್ತದೆ. ಆ ನೀರು ಹಾರಿಹೋಗಬೇಕಾದರೆ ಆಯಿಲ್ ಕನಿಷ್ಠ 74 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಂದು ಗಂಟೆ ಇರಬೇಕು. ನೆಲದ ಮೇಲೆ ನಿಲ್ಲಿಸಿ ಹತ್ತು ನಿಮಿಷ ಓಡಿಸಿದರೆ ಆ ಬಿಸಿ ಬರುವುದೇ ಇಲ್ಲ. ಲೈಕಮಿಂಗ್ ಎಂಜಿನ್‌ನಲ್ಲಂತೂ ಕವಾಟಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್‌ಗಿಂತ ಮೇಲಿದೆ; ನಿಂತಷ್ಟೂ ದಿನ ಆಯಿಲ್ ಅದರಿಂದ ಇಳಿದುಹೋಗುತ್ತದೆ, ಮೊದಲು ತುಕ್ಕು ತಿನ್ನುವುದು ಅದನ್ನೇ. ತಿಂಗಳಿಗೊಮ್ಮೆ ಒಂದು ಗಂಟೆ ಹಾರಿಸಲಾದರೆ ಸರಿ, ಆಗದಿದ್ದರೆ ಮುಟ್ಟಲೇ ಬೇಡಿ. ಬೆಂಗಳೂರಿನ ಜಕ್ಕೂರು ವಿಮಾನಾಂಗಣದಲ್ಲಿ ಮಳೆಗಾಲದುದ್ದಕ್ಕೂ ನಿಲ್ಲುವ ಸಣ್ಣ ಸೆಸ್ನಾ ವಿಮಾನಕ್ಕೂ ಲೆಕ್ಕ ಇದೇ, ಹಿಮದ ಜಾಗದಲ್ಲಿ ತೇವ, ಅಷ್ಟೆ.

ಮುಟ್ಟದೆ ಇಡುವ ಮುನ್ನ ಹಳೆಯ ಆಯಿಲನ್ನು ಬಿಸಿಯಿರುವಾಗಲೇ ಇಳಿಸಿ, ಅದರಲ್ಲಿ ಆಮ್ಲವಿರುತ್ತದೆ. ತುಕ್ಕುನಿರೋಧಕ ಆಯಿಲ್ ತುಂಬಿ, ಒಮ್ಮೆ ಹಾರಿಸಿ ಎಲ್ಲೆಡೆ ತಾಗಿಸಿ. ಆಮೇಲೆ ಮೇಲಿನ ಸ್ಪಾರ್ಕ್ ಪ್ಲಗ್ ತೆಗೆದು, ಪ್ರತಿ ಸಿಲಿಂಡರಿಗೆ ಸುಮಾರು 60 ಮಿ.ಲೀ. ಅದೇ ಆಯಿಲ್ ಸಿಂಪಡಿಸಿ, ಆ ತೂತುಗಳಿಗೆ ತೇವ ಹೀರುವ ಪ್ಲಗ್ ಹಾಕಿ. ಅದರೊಳಗಿನ ನೀಲಿ ಹರಳು ಗುಲಾಬಿಯಾದರೆ ಬದಲಿಸುವ ಸಮಯ. ಇನ್ನು ಪ್ರೊಪೆಲ್ಲರ್ ತಿರುಗಿಸಿದರೆ ಸಿಲಿಂಡರಿಗೆ ಬಳಿದದ್ದನ್ನು ರಿಂಗುಗಳು ಒರೆಸಿಬಿಡುತ್ತವೆ. ಹಾಗಾಗಿ 'ತಿರುಗಿಸಬೇಡಿ' ಎಂಬ ಕೆಂಪು ಚೀಟಿ ಕಟ್ಟಿ. ಹ್ಯಾಂಗರಿಗೆ ಬಂದವರೆಲ್ಲ ಪ್ರೊಪೆಲ್ಲರನ್ನು ಒಮ್ಮೆ ಎಳೆದು ನೋಡುವ ಚಪಲದವರು.

ರೆಕ್ಕೆಯ ಟ್ಯಾಂಕ್ ತುಂಬಿಸಿಡಿ. ಖಾಲಿ ಜಾಗದ ಗಾಳಿಯಿಂದಲೇ ನೀರು ಹನಿಗಟ್ಟುವುದು. ಬ್ಯಾಟರಿ ಬಿಚ್ಚಿ ಒಳಗೊಯ್ದು ಚಾರ್ಜ್ ಉಳಿಸಿಕೊಳ್ಳಿ: ಪೂರ್ತಿ ಚಾರ್ಜಾದದ್ದು ಮೈನಸ್ 50ರಲ್ಲೂ ಹೆಪ್ಪುಗಟ್ಟದು, ಇಳಿದದ್ದು ಮೈನಸ್ 10ರ ಆಸುಪಾಸಿನಲ್ಲೇ ಗಟ್ಟಿಯಾಗಿ ಡಬ್ಬಿ ಬಿರಿಯುತ್ತದೆ. ಬೆರಳು ತೂರುವ ಕಂಡಿಯನ್ನೆಲ್ಲ ಮುಚ್ಚಿ, ಇಲಿಯ ಮೂತ್ರ ಅಲ್ಯೂಮಿನಿಯಂ ತಿನ್ನುತ್ತದೆ. ಆದರೆ ಇಡೀ ವಿಮಾನಕ್ಕೆ ಪ್ಲಾಸ್ಟಿಕ್ ಸುತ್ತಬೇಡಿ, ತೇವ ಒಳಗೇ ಉಳಿಯುತ್ತದೆ.

ವಸಂತದಲ್ಲಿ ಸೀದಾ ಸ್ಟಾರ್ಟರ್ ಒತ್ತಬಾರದು. ಇಗ್ನಿಷನ್ ಆಫ್ ಇದೆಯೆಂದು ಖಚಿತ ಮಾಡಿಕೊಂಡು, ಕೆಳಗಿನ ಪ್ಲಗ್‌ಗಳನ್ನೂ ತೆಗೆದು, ಪ್ರೊಪೆಲ್ಲರನ್ನು ಕೈಯಿಂದ ಹಲವು ಸುತ್ತು ತಿರುಗಿಸಿ ನಿಂತ ಆಯಿಲ್ ಹೊರಹಾಕಿ. ಸಿಲಿಂಡರಿನಲ್ಲಿ ಉಳಿದ ದ್ರವ ಪಿಸ್ಟನ್ ಒತ್ತಿದರೂ ಕುಗ್ಗುವುದಿಲ್ಲ. ಬಾಗುವುದು ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್, ಅದೂ ಹೊರಗಿನಿಂದ ಕಾಣದಂತೆ.

– ವಿಮಾನ ನಿರ್ವಹಣಾ ತಂತ್ರಜ್ಞ, ಬೆಂಗಳೂರು