ಪೀಮ್: ಒಂದೇ ಒಂದು ಸಲ ಬರುವ ಪದ

ಪ್ರೀತಿಯ ಮಗಳೇ,

ದೊಡ್ಡಪ್ಪನ ಆಶೀರ್ವಾದಗಳು. ದೇವರ ದಯದಿಂದ ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ದೊಡ್ಡಮ್ಮನ ಮೊಣಕಾಲು ನೋವೂ ಇಳಿದಿದೆ.

ಭಾನುವಾರ ಸಭೆಯಲ್ಲಿ ಮಾಡಲು ನೀನು ಬರೆದು ಕಳಿಸಿದ ಪ್ರಸಂಗದ ಕರಡನ್ನು ಎರಡು ಸಲ ಓದಿದೆ. ಚೆನ್ನಾಗಿ ಬರೆದಿದ್ದೀ. ಒಂದು ಕಡೆ ಮಾತ್ರ ನಿಂತುಬಿಟ್ಟೆ. ಬೈಬಲಿನ ಒಂದನೆಯ ಸಮುವೇಲ 13:21ರಲ್ಲಿ ಬರುವ ‘ಪೀಮ್’ ಎಂಬ ಹೀಬ್ರೂ ಪದಕ್ಕೆ ನೀನು ‘ದೇವರ ಬಾಯಿಂದ ಹೊರಟ ಮಾತು’ ಎಂದು ಅರ್ಥ ಹಚ್ಚಿದ್ದೀ. ಹೀಬ್ರೂವಿನಲ್ಲಿ ‘ಪೆ’ ಎಂದರೆ ಬಾಯಿ, ಅದು ಸರಿ. ಆದರೆ ಆ ವಚನದಲ್ಲಿ ದೇವರು ಮಾತಾಡುತ್ತಿಲ್ಲ. ರೈತರು ಕುಲುಮೆಯ ಮುಂದೆ ಸಾಲು ನಿಂತಿದ್ದಾರೆ.

ಹಿಂದಿನ ಎರಡು ವಚನ ಮತ್ತೆ ಓದು. ಇಸ್ರಾಯೇಲರು ಕತ್ತಿ, ಭರ್ಜಿ ಮಾಡಿಕೊಳ್ಳಬಾರದೆಂದು ಫಿಲಿಷ್ಟಿಯರು ಅವರ ನಾಡಿನಲ್ಲಿ ಒಬ್ಬ ಕಮ್ಮಾರನನ್ನೂ ಉಳಿಸಿರಲಿಲ್ಲ. ಗುಡ್ಡದ ಮೇಲಿನ ಈ ಜನ ಕುಳ, ಗುದ್ದಲಿ, ಕೊಡಲಿಗಳನ್ನು ಹೊತ್ತುಕೊಂಡು ಹಗೆಯವರ ಬಯಲಿಗೇ ಇಳಿದು ಹೋಗಬೇಕಿತ್ತು. ಮೂಲದಲ್ಲಿರುವ ಕ್ರಿಯಾಪದವೂ ‘ಇಳಿದರು’ ಎಂದೇ. ಅಲ್ಲಿ ಹದ ಮಾಡಿಸಲು ಎಷ್ಟಾಗುತ್ತಿತ್ತು ಎಂದು ಹೇಳುವಾಗ ಈ ಪೀಮ್ ಬರುತ್ತದೆ. ಹೀಬ್ರೂ ಬೈಬಲಿನಲ್ಲಿ ಇಲ್ಲೊಂದೇ ಸಲ, ಮತ್ತೆಲ್ಲೂ ಇಲ್ಲ.

ಒಂದೇ ಸಲ ಬಂದ ಪದವನ್ನು ಹೋಲಿಸಿ ನೋಡಲು ಇನ್ನೊಂದು ವಾಕ್ಯ ಸಿಗುವುದಿಲ್ಲ. ಹಾಗಾಗಿ ಮಹಾಪಂಡಿತರೂ ಇಲ್ಲಿ ಎಡವಿದರು. ಕ್ರಿಸ್ತಪೂರ್ವದಲ್ಲೇ ಗ್ರೀಕಿಗೆ ತಂದವರು ‘ದ್ರಾಕ್ಷಿಯ ಸುಗ್ಗಿ ಕೊಯ್ಲಿಗೆ ಬಂದಿತ್ತು’ ಎಂದು ಬರೆದರು. ಲ್ಯಾಟಿನ್‌ಗೆ ತಂದ ಜೆರೋಮ್ ಕುಳಗಳ ಬಾಯಿ ಮೊಂಡಾಗಿತ್ತು ಎಂದ. 1611ರ ಇಂಗ್ಲಿಷ್ ಬೈಬಲಿನವರು ಇನ್ನೊಂದು ದಾರಿ ಹಿಡಿದು ‘ಆದರೂ ಅವರ ಬಳಿ ಅರ ಇತ್ತು’ ಎಂದರು, ಅಂದರೆ ಕಬ್ಬಿಣ ಉಜ್ಜಿ ಹರಿತ ಮಾಡುವ ಉಪಕರಣ.

ಆ ಅರವನ್ನೇ ನಂಬಿ ನಾನೊಂದು ಪ್ರಸಂಗ ಮಾಡಿದ್ದೆ, ಗೊತ್ತೇ? ಸಭೆಗೆ ಹೊಸದಾಗಿ ಬಂದ ವರ್ಷ ಅದು. ಹಗೆ ಎಲ್ಲ ಕಿತ್ತುಕೊಂಡರೂ ದೇವರು ನಮ್ಮ ಕೈಯಲ್ಲಿ ಒಂದು ಅರ ಉಳಿಸುತ್ತಾನೆ ಎಂದು ಅರ್ಧ ಗಂಟೆ ಹೇಳಿದೆ. ಆರಾಧನೆ ಮುಗಿದ ಮೇಲೆ ಒಬ್ಬ ಮುದುಕ ರೈತ ಬಾಗಿಲ ಬಳಿ ಕಾದು ನಿಂತಿದ್ದ. “ಅಯ್ಯನವರೇ, ಮನೆಯಲ್ಲಿ ಅರ ಇದ್ದರೆ ಹಗೆಯವನ ಹತ್ತಿರ ಯಾಕೆ ಹೋದರು? ಮೊಂಡಾದ ಕುಳಕ್ಕೆ ಅರ ಉಜ್ಜಿದರೆ ಏನೂ ಆಗುವುದಿಲ್ಲ, ಕಾಸಿ ಬಡಿಯಬೇಕು” ಎಂದ. ನನ್ನ ಬಳಿ ಉತ್ತರವಿರಲಿಲ್ಲ. ಕುಲುಮೆ ಬಲ್ಲ ಆ ಮನುಷ್ಯನಿಗೆ ವಚನದ ಅರ್ಥ ನನಗಿಂತ ಹತ್ತಿರದಲ್ಲಿತ್ತು.

ಉತ್ತರ ಮಣ್ಣಿನಡಿಯಲ್ಲಿತ್ತು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಗೆಜೆರ್, ಯೆರೂಸಲೇಮ್ ಮೊದಲಾದ ಕಡೆ ಸಿಕ್ಕ ಹಳೆಯ ತೂಕದ ಬಟ್ಟುಗಳಲ್ಲಿ ಕೆಲವುಗಳ ಮೇಲೆ ಪೆ, ಯೋದ್, ಮೇಮ್ ಎಂಬ ಮೂರು ಹೀಬ್ರೂ ಅಕ್ಷರ ಕೊರೆದಿದ್ದವು, ಸೇರಿಸಿ ಓದಿದರೆ ‘ಪೀಮ್’. ಹೆಚ್ಚಿನವು ಸುಣ್ಣಕಲ್ಲಿನವು, ಬುಡ ಚಪ್ಪಟೆ, ತಲೆ ಗುಮ್ಮಟದ ಹಾಗೆ ದುಂಡಗೆ, ಗಾತ್ರ ಸಣ್ಣ ಅಡಿಕೆಯಷ್ಟು. ತೂಗಿ ನೋಡಿದರೆ ಸುಮಾರು 7.8 ಗ್ರಾಂ. ಬೆಳ್ಳಿ ತೂಗುವ ಅಂದಿನ ಮುಖ್ಯ ಅಳತೆಯಾದ ಶೆಕೆಲ್ ಸುಮಾರು 11.4 ಗ್ರಾಂ, ಅಂದರೆ ಪೀಮ್ ಎನ್ನುವುದು ಹೆಚ್ಚುಕಡಿಮೆ ಶೆಕೆಲಿನ ಮೂರರಲ್ಲಿ ಎರಡು ಪಾಲು. ನೀನು ಹೇಳಿದ ‘ಬಾಯಿ’ಯೂ ಪೂರ್ತಿ ಸುಳ್ಳಲ್ಲ. ಜೆಕರ್ಯ 13:8ರಲ್ಲಿ ‘ಎರಡು ಬಾಯಿ’ ಎಂಬ ಮಾತು ಮೂರರಲ್ಲಿ ಎರಡು ಪಾಲು ಎಂಬ ಅರ್ಥದಲ್ಲೇ ಬರುತ್ತದೆ. ಪೀಮ್ ಅದೇ ಬೇರಿನಿಂದ ಹುಟ್ಟಿರಬಹುದು. ಆದರೆ ಸಂತೆಯಲ್ಲಿ ತಕ್ಕಡಿ ಹಿಡಿದವನ ಮನಸ್ಸಿನಲ್ಲಿ ಬಾಯಿ ಇರಲಿಲ್ಲ, ಬೆಳ್ಳಿಯ ತೂಕ ಇತ್ತು. ಪದದ ಬೇರು ಒಂದು, ಬಳಕೆ ಇನ್ನೊಂದು. ಇದನ್ನು ನೀನು ಮರೆಯಬಾರದು.

ಕ್ರಿ.ಪೂ. 586ರಲ್ಲಿ ಯೆರೂಸಲೇಮ್ ಬಿದ್ದಿತು. ಯೆಹೂದ ರಾಜ್ಯದ ಆ ತೂಕದ ಪದ್ಧತಿಯೂ ಅದರ ಜೊತೆಗೇ ಮುಳುಗಿತು. ಬಟ್ಟು ಹೋದ ಮೇಲೆ ಅದರ ಹೆಸರೂ ಜನರ ಬಾಯಿಂದ ಹೋಯಿತು. ಆದರೆ ನಕಲು ಮಾಡುವ ಶಾಸ್ತ್ರಿಗಳು ಅರ್ಥ ತಿಳಿಯದ ಆ ಮೂರು ಅಕ್ಷರವನ್ನು ತಿದ್ದಲಿಲ್ಲ, ಬಿಡಲಿಲ್ಲ, ಎರಡು ಸಾವಿರ ವರ್ಷಕ್ಕೂ ಮೇಲೆ ಹಾಗೇ ಬರೆದುಕೊಂಡು ಬಂದರು. ನನಗೆ ಇದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಅವರೂ ನನ್ನ ಹಾಗೆ ಜಾಣತನ ಮಾಡಿ ಚೆಂದದ ಅರವೊಂದನ್ನು ಅಲ್ಲಿ ಸೇರಿಸಿದ್ದರೆ, ಬಟ್ಟು ಸಿಕ್ಕಾಗ ಅದನ್ನು ಜೋಡಿಸಲು ಪದವೇ ಇರುತ್ತಿರಲಿಲ್ಲ.

ಕುಳ ಹದ ಮಾಡಿಸುವ ಕೂಲಿ ಒಂದು ಪೀಮ್ ಬೆಳ್ಳಿ ಎಂದು ಓದಿದರೆ ಈಗ ಆ ವಚನ ಎಷ್ಟು ಭಾರವಾಗುತ್ತದೆ ನೋಡು. ನಮ್ಮೂರಿನಲ್ಲಿ ನಿನ್ನ ಅಜ್ಜ ಮುಂಗಾರಿಗೆ ಮುಂಚೆ ಕುಳ ತಟ್ಟಿಸಿಕೊಂಡು ಬರುವಾಗ ಕಾಸು ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದಲ್ಲೇ ಕಮ್ಮಾರನ ಆಯದ ಜೋಳ ಅಳೆದು ಕೊಡುತ್ತಿದ್ದರು. ಬೆಳೆ ಬಂದ ಮೇಲೆ ಕೊಡುವುದು, ಅದೂ ನಮ್ಮೂರವನಿಗೇ. ಅಲ್ಲಿಯವರು ಬಿತ್ತುವ ಮುಂಚೆಯೇ ಬೆಳ್ಳಿ ತೂಗಿ ಕೊಡಬೇಕಿತ್ತು, ಅದೂ ತಮ್ಮ ಕಮ್ಮಾರರನ್ನು ಇಲ್ಲದಂತೆ ಮಾಡಿದವರಿಗೆ. ಯುದ್ಧದ ದಿನ ಅರಸ ಸೌಲ, ಅವನ ಮಗ ಯೋನಾತಾನ ಇಬ್ಬರನ್ನು ಬಿಟ್ಟು ಇಡೀ ದಂಡಿನಲ್ಲಿ ಯಾರ ಕೈಯಲ್ಲೂ ಕತ್ತಿಯಿಲ್ಲ ಎಂದು ಮುಂದಿನ ವಚನ ಹೇಳುತ್ತದೆ. ದಬ್ಬಾಳಿಕೆ ಎಂಬ ಪದ ಆ ವಚನದಲ್ಲಿ ಇಲ್ಲ, ಹದ ಮಾಡಿಸುವ ಕೂಲಿ ಮಾತ್ರ ಇದೆ. ನಿನ್ನ ಸಭೆಯಲ್ಲಿ ಸಾಲದ ಕಂತು ಕಟ್ಟುವ ಹೆಣ್ಣುಮಕ್ಕಳು ಕೂತಿರುತ್ತಾರಲ್ಲ, ಅವರಿಗೆ ಈ ಕೂಲಿಯ ಲೆಕ್ಕ ನೀನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಪೀಮ್‌ನ ಪಕ್ಕದ ‘ಪೆತ್ಸೀರಾ’ ಎಂಬ ಪದವೂ ಅಷ್ಟೇ ಅಪರೂಪದ್ದು. ಅದಕ್ಕೆ ‘ಕೂಲಿ’ ಎಂದು ಈಗ ಹೇಳುವುದು ಪೀಮ್ ತಿಳಿದ ಮೇಲೆ ಸಂದರ್ಭದಿಂದ ಮಾಡಿದ ಊಹೆ. ಅದಕ್ಕೆ ಬಟ್ಟು ಸಿಕ್ಕಿಲ್ಲ. ವೇದಿಕೆಯ ಮೇಲೆ ಅದನ್ನು ಊಹೆ ಎಂದೇ ಹೇಳು. ಜನ ನಿನ್ನನ್ನು ಕಡಿಮೆಯಾಗಿ ಕಾಣುವುದಿಲ್ಲ.

ಈ ಲಕೋಟೆಯಲ್ಲಿ ಒಂದು ಹತ್ತು ರೂಪಾಯಿಯ ನಾಣ್ಯ ಇಟ್ಟಿದ್ದೇನೆ. ಅದರ ತೂಕ 7.71 ಗ್ರಾಂ, ಹೆಚ್ಚುಕಡಿಮೆ ಒಂದು ಪೀಮ್. ಭಾನುವಾರ ಮಾತಾಡುವಾಗ ಅಂಗೈಯಲ್ಲಿ ಹಿಡಿದುಕೋ. ತಿದ್ದಿದ ಕರಡನ್ನು ಶುಕ್ರವಾರದೊಳಗೆ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಪ್ರೀತಿಯ,
ದೊಡ್ಡಪ್ಪ